ಪ್ಲೇನ್ ಓಡಿಸೋಕೇ ಬರಲ್ಲ, ಏರೋಬ್ಯಾಟಿಕ್ ಕ್ಲಬ್‌ಗೆ ಸೇರಿ ಏನ್ ಮಾಡೋದು?

ಪ್ರಶ್ನೆ: ಅಮೆರಿಕಾದಲ್ಲಿದೀನಿ. ಯಲಹಂಕದಲ್ಲಿ ಏರೋ ಇಂಡಿಯಾ ನೋಡ್ಕೊಂಡು ಬೆಳೆದವನು, ಸೂರ್ಯಕಿರಣ್ ಅಂದ್ರೆ ಪ್ರಾಣ. ಇಲ್ಲಿ ಮನೆ ಹತ್ರಾನೇ ಒಂದು ಏರೋಬ್ಯಾಟಿಕ್ ಕ್ಲಬ್, ಅಂದ್ರೆ ಪ್ಲೇನಲ್ಲಿ ಕಸರತ್ತು ಮಾಡೋರ ಕ್ಲಬ್ ಇದೆ, ಆದ್ರೆ ನಂಗೆ ಪೈಲಟ್ ಲೈಸೆನ್ಸ್ ಇಲ್ಲ, ಸ್ವಂತ ಪ್ಲೇನ್ ಅಂತೂ ದೂರದ ಮಾತು. ಸೇರಿದ್ರೆ ಬೇಲಿ ಪಕ್ಕ ನಿಂತು ನೋಡೋದೇನಾ?

ಉತ್ತರ: ನೋಡೋಕೆ ಪುರುಸೊತ್ತು ಕೊಟ್ರೆ ತಾನೆ! ಹೋದ ಅರ್ಧ ಗಂಟೇಲಿ ಯಾರಾದ್ರೂ ಕೈಗೆ ಕ್ಲಿಪ್‌ಬೋರ್ಡ್ ಕೊಟ್ಟಿರ್ತಾರೆ.

ಸೂರ್ಯಕಿರಣ್ ಲೆಕ್ಕಾನೇ ಬೇರೆ, ಅದು ಬೀದರ್‌ನಲ್ಲಿ 1996ರಲ್ಲಿ ಶುರುವಾದ ವಾಯುಪಡೆ ಟೀಮು, ಎಲ್ರೂ ಒಟ್ಟಿಗೆ ಹಾರೋ ಪ್ರದರ್ಶನ. ನೀವು ಹೇಳ್ತಿರೋದು ಬಹುಶಃ ಇಂಟರ್‌ನ್ಯಾಷನಲ್ ಏರೋಬ್ಯಾಟಿಕ್ ಕ್ಲಬ್‌ನ, ಅಂದ್ರೆ ಐಎಸಿಯ, ಒಂದು ಲೋಕಲ್ ಚಾಪ್ಟರ್. ಐಎಸಿ 1970ರಲ್ಲಿ ಶುರುವಾಗಿದ್ದು, ವಿಸ್ಕಾನ್ಸಿನ್‌ನ ಆಶ್ಕೋಶ್‌ನಲ್ಲಿರೋ ಇಎಎ ಅನ್ನೋ ವಿಮಾನಪ್ರಿಯರ ಸಂಸ್ಥೆಯ ಭಾಗ. ಇಲ್ಲಿ ಒಬ್ಬೊಬ್ರೇ ಹಾರ್ತಾರೆ, ಲೂಪು, ರೋಲು, ಸ್ಪಿನ್ನು, ಹ್ಯಾಮರ್‌ಹೆಡ್ಡು ಅಂತ ಕಸರತ್ತುಗಳು, ಒಂದೊಂದಕ್ಕೂ ಮಾರ್ಕ್ಸು. ಪ್ರೈಮರಿ, ಸ್ಪೋರ್ಟ್ಸ್‌ಮನ್, ಇಂಟರ್‌ಮೀಡಿಯಟ್, ಅಡ್ವಾನ್ಸ್‌ಡ್, ಅನ್‌ಲಿಮಿಟೆಡ್ ಅಂತ ಐದು ಮೆಟ್ಟಿಲು.

ಇದೆಲ್ಲಾ ನಡೆಯೋದು ಬಾಕ್ಸ್ ಅಂತ ಕರೆಯೋ, ಉದ್ದ ಅಗಲ ಒಂದೊಂದು ಕಿಲೋಮೀಟರ್ ಇರೋ ಆಕಾಶದ ತುಂಡಿನೊಳಗೆ. ಗಂಟೆಗೆ 240 ಕಿಲೋಮೀಟರ್‌ನಲ್ಲಿ ಹೋದ್ರೆ ಹದಿನೈದೇ ಸೆಕೆಂಡಿಗೆ ಆ ತುದಿ ಮುಟ್ಟುತ್ತೆ, ಅಷ್ಟರೊಳಗೆ ಕಸರತ್ತು ಮುಗ್ಸಿ ತಿರುಗ್ಬೇಕು. ಅಮೆರಿಕಾದ ನಿಯಮದಲ್ಲಿ 1500 ಅಡಿಗಿಂತ ಕೆಳಗೆ ಏರೋಬ್ಯಾಟಿಕ್ಸ್ ಮಾಡಂಗಿಲ್ಲ, ಹಾಗಾಗಿ ಅದಕ್ಕಿಂತ ಕೆಳಗೂ ಹಾರೋ ಮೇಲಿನ ಕ್ಲಾಸ್‌ನೋರಿಗೋಸ್ಕರ ಅಲ್ಲಿನ ವಿಮಾನಯಾನ ಇಲಾಖೆ ಎಫ್‌ಎಎ ಹತ್ರ ವೇವರ್, ಅಂದ್ರೆ ನಿಯಮದಿಂದ ವಿನಾಯ್ತಿ, ತಗೋಬೇಕು. ಆ ಅರ್ಜಿ, ಫೋನು, ಏರ್‌ಪೋರ್ಟ್‌ನೋರ ಜೊತೆ ಮಾತುಕತೆ ಎಲ್ಲಾ ಕ್ಲಬ್‌ನ ಯಾರೋ ಒಬ್ರು ಸಂಜೆ ಆಫೀಸ್ ಮುಗಿಸಿ ಕೂತು ಮಾಡೋದು, ಸಂಬಳ ಇಲ್ಲ, ಚಪ್ಪಾಳೆ ಮೊದ್ಲೇ ಇಲ್ಲ.

ಸ್ಪರ್ಧೆ ದಿನ ಕೆಲ್ಸ ಹಂಚ್ಕೊಳೋದು ನಮ್ಮ ಕಡೆ ಮದುವೆ ಊಟದ ಥರ, ಮೊದಲ ಪಂಕ್ತೀಲಿ ಉಂಡವರು ಎರಡನೇ ಪಂಕ್ತಿಗೆ ಬಡಿಸ್ತಾರಲ್ಲ ಹಾಗೆ. ಸ್ಪೋರ್ಟ್ಸ್‌ಮನ್ ಪೈಲಟ್‌ಗಳು ಇಳಿದ್ಮೇಲೆ ಅನ್‌ಲಿಮಿಟೆಡ್‌ನೋರಿಗೆ ಸ್ಕೋರ್ ಬರೀತಾರೆ. ಆದ್ರೂ ಜನ ಸಾಲಲ್ಲ, ಅದಕ್ಕೇ ಲೈಸೆನ್ಸ್ ಇಲ್ಲದ ನಿಮ್ಮಂಥೋರು ಬೇಕಾಗೋದು.

ನನ್ನ ಕೇಳಿದ್ರೆ ಮೊದಲ ಸಲ ರೆಕಾರ್ಡರ್, ಅಂದ್ರೆ ಜಡ್ಜ್ ಹೇಳೋ ಮಾರ್ಕ್ಸ್ ಬರ್ಕೊಳೋರು, ಆಗಿ. ಒಬ್ಬೊಬ್ಬ ಜಡ್ಜ್‌ಗೂ ಇಬ್ಬರು ಸಹಾಯಕರು. ಜಡ್ಜ್ ಕಣ್ಣು ಪ್ಲೇನ್ ಬಿಟ್ಟು ಕದಲೋ ಹಂಗಿಲ್ಲ, ಹಾಗಾಗಿ ಪಕ್ಕದಲ್ಲಿರೋ ಅಸಿಸ್ಟೆಂಟ್ ಹಾಳೆ ನೋಡಿ ಮುಂದಿನ ಫಿಗರ್, ಅಂದ್ರೆ ಕಸರತ್ತು, ಯಾವ್ದು ಅಂತ ಕೂಗಿ ಹೇಳ್ತಾರೆ. ಹಾಳೇಲಿರೋದು ಸ್ಪೇನ್‌ನ ಹೋಸೆ ಲೂಯಿಸ್ ಅರೆಸ್ಟಿ ರೂಪಿಸಿದ ಚಿಹ್ನೆಗಳು, ಬರೀ ಗೆರೆ, ಬಾಣ, ತ್ರಿಕೋನ, ಮೊದಲ ದಿನ ಕೋಳಿ ಕೆದರಿದಂಗೇ ಕಾಣುತ್ತೆ, ಒಂದಿಪ್ಪತ್ತು ಸಲ ನೋಡೋಷ್ಟ್ರಲ್ಲಿ ಕೈ ತಾನಾಗೇ ಗಾಳೀಲಿ ಪ್ಲೇನ್ ಆಡಿಸ್ತಾ ಇರುತ್ತೆ. ಜಡ್ಜ್ "ಏಳೂವರೆ, ಮೇಲೆ ಹೋಗ್ತಾ ವಾಲಿತ್ತು" ಅಂತಾರೆ, ನೀವು ಅದನ್ನ ಸರಿಯಾದ ಸಾಲಲ್ಲೇ ಬರೀಬೇಕು, ತಲೆ ಎತ್ತಿ ಪ್ಲೇನ್ ನೋಡೋಕೆ ಹೋದ್ರೆ ಮುಂದಿನ ನಂಬರ್ ಹೋಯ್ತು. ಹತ್ತಕ್ಕೆ ಶುರು, ಐದು ಡಿಗ್ರಿ ತಪ್ಪಿಗೆ ಒಂದು ಮಾರ್ಕ್ ಕಟ್. ಇಷ್ಟನ್ನ ಕಿವೀಲಿ ಕೇಳ್ತಾ ಕೇಳ್ತಾನೇ ಒಳ್ಳೆ ಲೂಪ್‌ಗೂ ಸುಮಾರಾದ ಲೂಪ್‌ಗೂ ವ್ಯತ್ಯಾಸ ಗೊತ್ತಾಗೋದು, ಯೂಟ್ಯೂಬಲ್ಲಿ ಎಷ್ಟು ನೋಡಿದ್ರೂ ಅದು ಬರಲ್ಲ. ಮುಂದೆ ಆಸಕ್ತಿ ಇದ್ರೆ ಜಡ್ಜ್ ಸ್ಕೂಲ್‌ಗೆ ಹೋಗಿ ಪರೀಕ್ಷೆ ಬರೀಬಹುದು, ಸ್ವಲ್ಪ ಅನುಭವಾನೂ ಬೇಕು.

ಇನ್ನೂ ಇದೆ: ಸ್ಕೋರ್ ಶೀಟ್ ಹೊತ್ಕೊಂಡು ಓಡಾಡೋರು, ಕಂಪ್ಯೂಟರ್‌ಗೆ ಹಾಕೋರು, ಬಾಕ್ಸ್ ಮೂಲೇಲಿ ಕೂತು ಪ್ಲೇನ್ ಗೆರೆ ದಾಟ್ತಾ ನೋಡೋರು, ನೀರು ಊಟ ತರೋರು. ಟೆಕ್ ಇನ್‌ಸ್ಪೆಕ್ಷನ್, ಅಂದ್ರೆ ಹಾರೋ ಮುಂಚೆ ಪ್ಲೇನ್ ತಪಾಸಣೆ, ಅನುಭವ ಇರೋರ ಕೆಲ್ಸ, ಪ್ಯಾರಾಶೂಟ್ 180 ದಿನದೊಳಗೆ ಮಡಚಿದ್ದಾ ಅಂತ ತಾರೀಖು ನೋಡ್ತಾರೆ, ಕಾಕ್‌ಪಿಟ್‌ನಲ್ಲಿ ಪೆನ್ನೋ ಚಿಲ್ಲರೆ ಕಾಸೋ ಬಿದ್ದಿದ್ಯಾ ಅಂತ ಟಾರ್ಚ್ ಬಿಟ್ಟು ಹುಡುಕ್ತಾರೆ. ತಲೆಕೆಳಗಾದಾಗ ಆ ಕಾಸು ಹೋಗಿ ಕಂಟ್ರೋಲ್ ಸಂದೀಲಿ ಸಿಕ್ಕಾಕೊಂಡ್ರೆ ಕಥೆ ಮುಗೀತು.

ಖಾಯಂ ಸದಸ್ಯರಾಗೋದಾದ್ರೆ ಇಎಎ, ಐಎಸಿ ಎರಡರ ಮೆಂಬರ್‌ಶಿಪ್ಪೂ ಬೇಕು. ಆದ್ರೆ ದುಡ್ಡು ಕಟ್ಟೋಕೆ ಮುಂಚೆ ಚಾಪ್ಟರ್‌ನೋರಿಗೆ ಒಂದು ಮೆಸೇಜ್ ಹಾಕಿ, ಮುಂದಿನ ಪ್ರಾಕ್ಟೀಸ್ ಯಾವಾಗ, ಕೈ ಜೋಡಿಸ್ತೀನಿ ಅಂತ. ಅಗಲದ ಟೋಪಿ, ಸನ್‌ಸ್ಕ್ರೀನ್, ಮಡಚೋ ಕುರ್ಚಿ, ಎರಡು ಪೆನ್ನು ತಗೊಂಡ್ಹೋಗಿ, ಯಾಕಂದ್ರೆ ಜಡ್ಜ್ ಲೈನಲ್ಲಿ ಸಾಮಾನ್ಯವಾಗಿ ನೆರಳೇ ಇರಲ್ಲ. ಇಂಜಿನ್ ಆಫ್ ಇದ್ರೂ ಪ್ರೊಪೆಲರ್ ಹತ್ರ ಸೆಲ್ಫಿಗೆ ಹೋಗ್ಬೇಡಿ, ಮೊದಲ ದಿನಾನೇ ಬೈಸ್ಕೊಳ್ಳೋದು ಗ್ಯಾರಂಟಿ.