ಹತ್ತಿರ ಬಂದ ದನಿ

ಮುಂಬಯಿ ಬಳಿಯ ಡೊಂಬಿವಲಿಯ ನನ್ನ ಕಾರ್ಯಾಗಾರಕ್ಕೆ ಬರುವ ಹುಡುಗರದು ಈಚೆಗೆ ಒಂದೇ ಬೇಡಿಕೆ: ಪಿಕಪ್‌ಗಳನ್ನು (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ, ಅಯಸ್ಕಾಂತ ಮತ್ತು ಸುರುಳಿಯ ಬಿಲ್ಲೆಗಳನ್ನು) ಎರಡು ನಿಮಿಷದಲ್ಲಿ ಬದಲಾಯಿಸಲು ಬರುವಂಥ ಎಲೆಕ್ಟ್ರಿಕ್ ಗಿಟಾರ್ ಬೇಕು, ಯಾವುದು ಚೆನ್ನಾಗಿದೆಯೆಂದು ಕೇಳಿ ನೋಡಬೇಕು. ಮಾಡಿಕೊಡುತ್ತೇನೆ. ತೊಂದರೆ ಶುರುವಾಗುವುದು ಅವರು ಕೇಳಿ ನೋಡಲು ಕುಳಿತ ಮೇಲೆ.

ಈ ಯೋಚನೆ ಹಳೆಯದು. 1969ರಲ್ಲಿ ಆಂಪೆಗ್ ಕಂಪನಿಗಾಗಿ ಡ್ಯಾನ್ ಆರ್ಮ್‌ಸ್ಟ್ರಾಂಗ್ ರೂಪಿಸಿದ ಪಾರದರ್ಶಕ ಗಿಟಾರಿನಲ್ಲಿ ಪಿಕಪ್ಪನ್ನು ಜಾರಿಸಿ ತೆಗೆದು ಬೇರೊಂದನ್ನು ಕೂರಿಸಬಹುದಿತ್ತು. ಆ ಪಿಕಪ್‌ಗಳನ್ನು ಮಾಡಿದವರು ಬಿಲ್ ಲಾರೆನ್ಸ್. ನನ್ನದು ಅದಕ್ಕಿಂತ ಒರಟು ಕೆಲಸ. ಗಿಟಾರಿನ ಒಡಲಿನಲ್ಲಿ ಹಿಂದಿನಿಂದ ಮುಂದಕ್ಕೆ ತೂರುವ ಒಂದು ಕಿಂಡಿ ಕೊರೆಯುತ್ತೇನೆ. ಪ್ರತಿ ಪಿಕಪ್ಪಿಗೂ ಅದರದೇ ಹಲಗೆ. ಹಲಗೆಗಳ ಹೊರ ಅಳತೆ ಒಂದೇ, ಒಳಗಿನ ತೂತು ಮಾತ್ರ ಬೇರೆ. ಅದನ್ನು ಹಿಂದಿನಿಂದ ತಳ್ಳಿ ಎರಡು ಸ್ಕ್ರೂ ಬಿಗಿದರೆ ಆಯಿತು. ತಂತಿ ಸಡಿಲಿಸಬೇಕಾಗಿಲ್ಲ, ಶ್ರುತಿ ಕೆಡುವುದಿಲ್ಲ. ಬೆಸುಗೆಯ ಬದಲು ಮುಂಬಯಿಯ ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುವ ಸಾಧಾರಣ ಪಿನ್ ಕನೆಕ್ಟರ್. ವಾಲ್ಯೂಮ್ ಪಾಟ್, ಅಂದರೆ ವಾಲ್ಯೂಮ್ ಗುಂಡಿಯ ಹಿಂದಿನ ತಿರುಗಿಸುವ ರೆಸಿಸ್ಟರ್, 500 ಕಿಲೋಓಮ್‌ನದು. ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ಪಿಗೆ ರೂಢಿಯಲ್ಲಿರುವುದು 250, ಆದ್ದರಿಂದ ಅದರ ಹಲಗೆಯ ಮೇಲೆಯೇ 470 ಕಿಲೋಓಮ್ ರೆಸಿಸ್ಟರ್ ಒಂದನ್ನು ಸಮಾನಾಂತರವಾಗಿ ಸೇರಿಸುತ್ತೇನೆ. ಎರಡೂ ಸೇರಿ 250ರ ಹತ್ತಿರಕ್ಕೆ ಇಳಿದು ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಉಳಿದ ವೈರಿಂಗನ್ನು ಈ ಕೆಲಸಕ್ಕೆ ಕೈಹಾಕುವವರಿಗೆ ನಾನು ಹೇಳಬೇಕಾಗಿಲ್ಲ.

ಹೇಳಿ ಹೇಳಿ ನನ್ನ ಬಾಯಿ ಒಣಗಿರುವುದು ಪಿಕಪ್ಪಿನ ಎತ್ತರದ ವಿಷಯಕ್ಕೆ. ಪಿಕಪ್ ತಂತಿಗೆ ಹತ್ತಿರವಾದಷ್ಟೂ ದನಿ ಜೋರು. ಇದು ಎಲ್ಲರಿಗೂ ಗೊತ್ತು. ಆದರೆ ವ್ಯತ್ಯಾಸ ಚಿಕ್ಕದಿದ್ದಾಗ ಕಿವಿ ಅದನ್ನು ‘ಜೋರು’ ಎಂದು ಗುರುತಿಸುವುದಿಲ್ಲ. ‘ತುಂಬಿಕೊಂಡಿದೆ’, ‘ಜೀವ ಇದೆ’ ಎಂದು ಹೊಗಳುತ್ತದೆ. ಒಂದೆರಡು ಡೆಸಿಬಲ್ ಸಾಕು. ಎರಡು ಪಿಕಪ್‌ಗಳ ಜೋರು ಸಮವಾಗದ ಹೊರತು ನೀವು ಹೋಲಿಸುತ್ತಿರುವುದು ಪಿಕಪ್‌ಗಳನ್ನಲ್ಲ, ಅವುಗಳ ಎತ್ತರ ಏರಿಸಿ ಇಳಿಸುವ ಸ್ಕ್ರೂಗಳನ್ನು. ಮತ್ತೊಮ್ಮೆ ಹೇಳುತ್ತೇನೆ, ಸ್ಕ್ರೂಗಳನ್ನು.

ಮಾಟುಂಗದಿಂದ ಬರುವ ಒಬ್ಬ ಬ್ಯಾಂಕ್ ಉದ್ಯೋಗಿ ಇದನ್ನು ಒಪ್ಪಲೇ ಇಲ್ಲ. ಒಳ್ಳೆಯ ಹುಡುಗ, ಊರು ಕುಂದಾಪುರದ ಕಡೆ, ಸಂಬಳದ ಬಹುಪಾಲು ಪಿಕಪ್‌ಗಳಿಗೇ ಸುರಿಯುತ್ತಾನೆ. ಒಂದು ಭಾನುವಾರ ಅವನನ್ನು ಗೋಡೆಯ ಕಡೆಗೆ ಮುಖ ಮಾಡಿ ಕೂರಿಸಿ ನಾನೇ ನುಡಿಸಿದೆ. ಹಲಗೆಯನ್ನು ಹೊರತೆಗೆದೆ, ಸ್ಕ್ರೂವನ್ನು ಒಂದು ಸುತ್ತು ತಿರುಗಿಸಿದೆ, ಅದೇ ಹಲಗೆಯನ್ನು ಮತ್ತೆ ತಳ್ಳಿದೆ. ‘ಇದೇ ಸರ್, ಇದು ಬೇರೆಯೇ ದರ್ಜೆ!’ ಎಂದ. ಪಕ್ಕದ ಮನೆಯ ಮದ್ದಳೆಗಾರರು ಪೇಪರ್ ಕೇಳಲು ಬಂದವರು ಬಾಗಿಲಲ್ಲೇ ನಿಂತಿದ್ದರು. ಗಿಟಾರನ್ನು ಜನ್ಮದಲ್ಲಿ ಮುಟ್ಟಿದವರಲ್ಲ. ‘ದನಿ ಬದಲಾಗಲಿಲ್ಲ ಮಾರಾಯರೇ, ಹತ್ತಿರ ಬಂತು, ಅಷ್ಟೆ’ ಎಂದು ಪೇಪರ್ ತೆಗೆದುಕೊಂಡು ಹೊರಟರು.

ಹಾಗಾದರೆ ಸಮ ಮಾಡುವುದು ಹೇಗೆ? ಗಿಟಾರಿನ ಕತ್ತಿನ ಕೊನೆಯ ಫ್ರೆಟ್ಟಿನಲ್ಲಿ (ಲೋಹದ ಅಡ್ಡಪಟ್ಟಿಯಲ್ಲಿ) ತಂತಿಯನ್ನು ಒತ್ತಿ ಹಿಡಿದು, ತಂತಿಗೂ ಪಿಕಪ್ಪಿಗೂ ನಡುವಿನ ಅಂತರವನ್ನು ಅಳೆಯಿರಿ. ದಪ್ಪ ತಂತಿಯ ಬದಿಗೆ 2 ಮಿಲಿಮೀಟರ್, ತೆಳು ತಂತಿಯ ಬದಿಗೆ 1.6ರಿಂದ ಆರಂಭಿಸಬಹುದು, ಅಯಸ್ಕಾಂತ ಬಲವಾಗಿದ್ದರೆ ಇನ್ನಷ್ಟು ಕೆಳಗೆ, ಇಲ್ಲವಾದರೆ ಅದು ತಂತಿಯನ್ನೇ ಎಳೆದು ಸ್ವರ ಕೆಡಿಸುತ್ತದೆ. ಎತ್ತರ ಒಂದೇ ಆದ ಮಾತ್ರಕ್ಕೆ ಜೋರೂ ಒಂದೇ ಆಗುವುದಿಲ್ಲ. ಸುರುಳಿಯ ಸುತ್ತು ಹೆಚ್ಚಿದ್ದದ್ದು ಹೆಚ್ಚು ಕೂಗುತ್ತದೆ. ಇಲ್ಲಿ ಎಲ್ಲರೂ ಎಡವುವುದು ಗಿಟಾರಿನ ವಾಲ್ಯೂಮ್ ಗುಂಡಿಯನ್ನು ಇಳಿಸಿ. ಅದನ್ನು ಇಳಿಸಿದರೆ ಪಾಟಿನ ಪ್ರತಿರೋಧ ಮತ್ತು ಕೇಬಲ್ಲಿನ ಕೆಪಾಸಿಟೆನ್ಸ್ ಸೇರಿ ಮೇಲಿನ ಸ್ವರಗಳ ಮಿಂಚನ್ನು ನುಂಗಿಬಿಡುತ್ತವೆ. ಆಗ ಪಾಪದ ಪಿಕಪ್ಪಿಗೆ ‘ಮಂಕು’ ಎಂಬ ಹೆಸರು. ಗುಂಡಿ ಪೂರ್ತಿ ತೆರೆದೇ ಇರಲಿ. ಕೇಬಲ್ಲಿನ ಆಚೆ ತುದಿಯಲ್ಲಿ ಲೆವೆಲ್ ಗುಂಡಿಯಿರುವ ಒಂದು ಬಫರ್ ಪೆಡಲ್ (ದನಿಯ ಬಣ್ಣ ಕೆಡಿಸದೆ ಮುಂದಕ್ಕೆ ದಾಟಿಸುವ ಪೆಟ್ಟಿಗೆ) ಇಟ್ಟು, ಆ ಗುಂಡಿಯಿಂದ ಸಮಮಾಡಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಅಳೆಯುವುದಾದರೆ ಅದು ತಾನಾಗಿಯೇ ದನಿಯನ್ನು ಏರಿಸಿ ಇಳಿಸದಂತೆ ನೋಡಿಕೊಳ್ಳಿ.

ಡಿಸ್ಟಾರ್ಷನ್ ಹಾಕಿ, ಅಂದರೆ ದನಿಯನ್ನು ಬೇಕೆಂದೇ ಒಡೆಸಿ, ನುಡಿಸುವವರ ಮಾತು ಸ್ವಲ್ಪ ಬೇರೆ. ಜೋರಿನ ಪಿಕಪ್ ಆಂಪ್ಲಿಫೈಯರಿನ ದನಿಯನ್ನು ಮೊದಲೇ ಒಡೆಯುತ್ತದೆ, ಅವರಿಗೆ ಬೇಕಾಗಿರುವುದೂ ಅದೇ ಇರಬಹುದು. ಅಂಥವರು ಸಮಮಾಡಿ ಒಮ್ಮೆ, ಮಾಡದೆ ಒಮ್ಮೆ ಕೇಳಲಿ. ಇನ್ನು ಪಿಕಪ್ಪಿನ ಪೆಟ್ಟಿಗೆಯ ಮೇಲೆ ಅಚ್ಚಾದ ಕಿಲೋಓಮ್‌ಗಳನ್ನು ಓದಿ ‘ಇದು 8, ಅದು 14, ಆದ್ದರಿಂದ ಅದೇ ಜೋರು’ ಎನ್ನುವವರೊಡನೆ ನಾನು ವಾದ ಮಾಡುವುದನ್ನು ಬಿಟ್ಟಿದ್ದೇನೆ. ಸುರುಳಿಯ ತಂತಿ ತೆಳುವಾದರೂ ಓಮ್ ಏರುತ್ತದೆ, ಸ್ವಾಮಿ.

ಮಾಟುಂಗದ ಹುಡುಗ ಮುಂದಿನ ಭಾನುವಾರ ಮತ್ತೆ ಬಂದ. ಎಲ್ಲವನ್ನೂ ಸಮಮಾಡಿ ಕೇಳಿದನಂತೆ. ಮೂರು ಪಿಕಪ್‌ಗಳಲ್ಲಿ ಎರಡರ ನಡುವೆ ವ್ಯತ್ಯಾಸವೇ ತಿಳಿಯಲಿಲ್ಲ, ಆದರೆ ಒಂದೂ ಮೊದಲಿನ ಹಾಗೆ ಮಿನುಗುತ್ತಿಲ್ಲ ಎಂದು ಮುಖ ಸಪ್ಪೆ ಮಾಡಿಕೊಂಡ. ಗಿಟಾರನ್ನು ಕೈಗೆ ತೆಗೆದುಕೊಂಡೆ. ಇಲ್ಲಿನ ಸೆಕೆಗೆ ತಂತಿಗಳು ತುಕ್ಕು ಹಿಡಿದು ಬೆರಳಿಗೆ ಕಪ್ಪು ಮೆತ್ತುತ್ತಿದ್ದವು. ಹೊಸ ತಂತಿ ಹಾಕಿ ಕಳುಹಿಸಿದೆ.