ವಿರಾಜಪೇಟೆ: ಮತ ಹೆಚ್ಚಿದರೂ ಕೈತಪ್ಪಿದ ಕ್ಷೇತ್ರ

2023ರ ಮೇ 13ರಂದು ಕೊಡಗಿನ ವಿರಾಜಪೇಟೆ ವಿಧಾನಸಭಾ ಕ್ಷೇತ್ರದ ಮತ ಎಣಿಕೆ ಮುಗಿದಾಗ ಕಾಂಗ್ರೆಸ್ಸಿನ ಎ.ಎಸ್. ಪೊನ್ನಣ್ಣ ಅವರಿಗೆ 83,791 ಮತಗಳು ಬಂದಿದ್ದವು. 2008ರಿಂದ ಸತತ ಮೂರು ಬಾರಿ ಇಲ್ಲಿಂದ ಗೆದ್ದು, ನಡುವೆ ವಿಧಾನಸಭಾಧ್ಯಕ್ಷರೂ ಆಗಿದ್ದ ಬಿಜೆಪಿಯ ಕೆ.ಜಿ. ಬೋಪಯ್ಯ 4,291 ಮತಗಳಿಂದ ಸೋತಿದ್ದರು. ಪಕ್ಕದ ಮಡಿಕೇರಿಯೂ ಅಂದೇ ಕಾಂಗ್ರೆಸ್ ಪಾಲಾಯಿತು. ಕೊಡಗಿನಲ್ಲಿ ಬಿಜೆಪಿಯ ಬೇರು ಕಿತ್ತುಬಂತು ಎಂದು ಅಂದು ಅನೇಕರು ಬರೆದರು. ಅಂಕಿಗಳು ಹಾಗೆ ಹೇಳುವುದಿಲ್ಲ.

ಕೊಡಗು 1956ರ ನವೆಂಬರ್ 1ರವರೆಗೆ ಸ್ವಂತ ವಿಧಾನಸಭೆಯಿದ್ದ ರಾಜ್ಯವಾಗಿತ್ತು, ಕಾಂಗ್ರೆಸ್ಸಿನ ಸಿ.ಎಂ. ಪೂಣಚ್ಚ ಅದರ ಮುಖ್ಯಮಂತ್ರಿ. ಮೈಸೂರು ರಾಜ್ಯದಲ್ಲಿ ವಿಲೀನವಾದ ಬಳಿಕವೂ ಕಾಂಗ್ರೆಸ್ಸಿನ ಹಿಡಿತ ಬಹುಕಾಲ ಉಳಿಯಿತು, ಸೋಮವಾರಪೇಟೆಯ ಆರ್. ಗುಂಡೂರಾವ್ 1980ರಲ್ಲಿ ಮುಖ್ಯಮಂತ್ರಿಯೂ ಆದರು. ತೊಂಬತ್ತರ ದಶಕದಲ್ಲಿ ಗಾಳಿ ಬಿಜೆಪಿಯತ್ತ ಬದಲಾಯಿತು. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಜಿಲ್ಲೆಯ ಮೂರು ಕ್ಷೇತ್ರಗಳು ಎರಡಾದವು. ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿದ್ದ ವಿರಾಜಪೇಟೆ ಸಾಮಾನ್ಯ ಕ್ಷೇತ್ರವಾಯಿತು. ಹಾಡಿಗಳ (ಬುಡಕಟ್ಟು ವಸತಿಗಳ) ಜನರಿಗೆ ಈ ಬದಲಾವಣೆಯಿಂದ ಆದ ನಷ್ಟದ ಬಗ್ಗೆ ನಾವು ಮಾತಾಡಿದ್ದು ಕಡಿಮೆಯೇ.

ಈಗ ಅಂಕಿಗೆ ಬರೋಣ. 2018ರಲ್ಲಿ ಬೋಪಯ್ಯ 77,944 ಮತ ಪಡೆದು ಗೆದ್ದಿದ್ದರು. ಸೋತ ವರ್ಷ ಅವರಿಗೆ ಬಂದದ್ದು 79,500. ಮಡಿಕೇರಿಯಲ್ಲಿ ಬಿಜೆಪಿಯ ಅಪ್ಪಚ್ಚು ರಂಜನ್ ಅವರ ಮತಗಳು 70,631ರಿಂದ 80,477ಕ್ಕೆ ಏರಿದರೂ ಅವರು ಕಾಂಗ್ರೆಸ್ಸಿನ ಡಾ. ಮಂತರ್ ಗೌಡರೆದುರು 4,402 ಮತಗಳಿಂದ ಸೋತರು. ಮಡಿಕೇರಿಯಲ್ಲಿ 2018ರಲ್ಲಿ ಜೆಡಿಎಸ್ ಮತ್ತು ಕಾಂಗ್ರೆಸ್ ನಡುವೆ ಹಂಚಿಹೋಗಿದ್ದ ವಿರೋಧಿ ಮತಗಳು ಈ ಬಾರಿ ಬಹುಪಾಲು ಒಂದೇ ಕಡೆ ಬಿದ್ದವು. ರಾಜ್ಯದಲ್ಲಿ ಕಾಂಗ್ರೆಸ್ 135 ಸ್ಥಾನ ಗೆದ್ದ ಅಲೆಯೂ ಜೊತೆಗಿತ್ತು. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಕಾಂಗ್ರೆಸ್ಸಿನ ಗ್ಯಾರಂಟಿ ಕಾರ್ಡ್ ಚರ್ಚೆಯಾಗುತ್ತಿದ್ದರೆ, ತೋಟದ ಮಾಲೀಕರ ಮಾತು ಕಾಡಾನೆ ಹಾವಳಿ ಮತ್ತು ಚುನಾವಣೆಗಾಗಿ ಠಾಣೆಗೆ ಒಪ್ಪಿಸಬೇಕಾದ ಕೋವಿಯ ಸುತ್ತ ಸುತ್ತುತ್ತಿತ್ತು.

ಇನ್ನೊಂದು ಸಂಗತಿಯನ್ನು ಬಿಡುವಂತಿಲ್ಲ. ಪೊನ್ನಣ್ಣನವರ ತಂದೆ ಎ.ಕೆ. ಸುಬ್ಬಯ್ಯ ರಾಜ್ಯ ಬಿಜೆಪಿಯ ಮೊದಲ ಅಧ್ಯಕ್ಷರು. ಪಕ್ಷದಿಂದ ಹೊರಬಂದ ಮೇಲೆ 2019ರಲ್ಲಿ ತೀರಿಕೊಳ್ಳುವವರೆಗೂ ಸಂಘ ಪರಿವಾರದ ಕಟು ಟೀಕಾಕಾರರಾಗಿದ್ದವರು. ಬಿಜೆಪಿಯಿಂದ ಈ ಕ್ಷೇತ್ರವನ್ನು ಕಸಿದುಕೊಂಡದ್ದು ಅವರ ಮಗನೇ.

ಆದರೆ ಮರುವರ್ಷದ ಲೋಕಸಭಾ ಚುನಾವಣೆಯಲ್ಲಿ ಇವೇ ಎರಡು ಕ್ಷೇತ್ರಗಳು ಬಿಜೆಪಿಯ ಯದುವೀರ್ ಒಡೆಯರ್ ಅವರಿಗೆ ಮುನ್ನಡೆ ಕೊಟ್ಟವು.