ಟೆಕ್ಸಸ್ 2003: ಗೆರೆ ಬದಲಾಯಿತು, ಗೆಲ್ಲುವ ಪಕ್ಷವೂ ಬದಲಾಯಿತು

ಟೆಕ್ಸಸ್ ಅಂದರೆ ರಿಪಬ್ಲಿಕನ್ನರ ಕೋಟೆ ಅಂತ ಇವತ್ತು ಎಲ್ಲರೂ ಹೇಳುತ್ತಾರೆ. ಆದರೆ 2002ರ ಚುನಾವಣೆಯಲ್ಲಿ ಆ ರಾಜ್ಯದಿಂದ ಅಮೆರಿಕದ ಪ್ರತಿನಿಧಿ ಸಭೆಗೆ ಗೆದ್ದ 32 ಮಂದಿಯಲ್ಲಿ 17 ಜನ ಡೆಮಾಕ್ರಟರು. ಮುಂದಿನ ಚುನಾವಣೆಯಲ್ಲೇ ಅವರು 11ಕ್ಕೆ ಇಳಿದರು, ರಿಪಬ್ಲಿಕನ್ನರು 21ಕ್ಕೆ ಏರಿದರು. ಎರಡೇ ವರ್ಷದಲ್ಲಿ ಜನ ಅಷ್ಟೊಂದು ಬದಲಾದರಾ? ಇಲ್ಲ. ಬದಲಾಗಿದ್ದು ಕ್ಷೇತ್ರಗಳ ಗಡಿ.

ನಮ್ಮಲ್ಲಿ ಈ ಗಡಿ ಗುರುತಿಸುವುದು ನ್ಯಾಯಮೂರ್ತಿಯೊಬ್ಬರು ಮುಖ್ಯಸ್ಥರಾಗಿರುವ ಕ್ಷೇತ್ರ ಪುನರ್ವಿಂಗಡಣಾ ಆಯೋಗ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಆ ಕೆಲಸ ಶಾಸಕರದ್ದೇ. 10 ವರ್ಷಕ್ಕೊಮ್ಮೆ ಜನಗಣತಿ ಮುಗಿದ ಮೇಲೆ, ಅಧಿಕಾರದಲ್ಲಿರುವ ಪಕ್ಷ ತನಗೆ ಬೇಕಾದ ಹಾಗೆ ನಕ್ಷೆ ಬರೆಯುತ್ತದೆ.

ಈ ಆಟವನ್ನು ಡೆಮಾಕ್ರಟರೂ ಆಡಿದ್ದಾರೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಟೆಕ್ಸಸ್‌ನಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಅವರದ್ದೇ ಆಳ್ವಿಕೆ. 1991ರಲ್ಲಿ ಅವರು ಬರೆದ ನಕ್ಷೆಯಿಂದ ಮರುವರ್ಷ 30ರಲ್ಲಿ 21 ಸ್ಥಾನ ಅವರಿಗೇ ಸಿಕ್ಕಿತು. ಆಗಲೇ ಮತದಾರರು ರಿಪಬ್ಲಿಕನ್ನರ ಕಡೆ ವಾಲುತ್ತಿದ್ದರು. 2001ರಲ್ಲಿ ಶಾಸಕರು ಒಮ್ಮತಕ್ಕೆ ಬರಲಿಲ್ಲ. ಹೀಗಾಗಿ ಫೆಡರಲ್ ನ್ಯಾಯಾಲಯವೇ ನಕ್ಷೆ ಬರೆಯಿತು. ಅದರಲ್ಲಿ ಹಳೆಯ ಗಡಿಗಳು ಬಹಳಷ್ಟು ಉಳಿದುಕೊಂಡವು. 2002ರಲ್ಲಿ ಹೆಚ್ಚು ಮತ ರಿಪಬ್ಲಿಕನ್ನರಿಗೆ ಬಿದ್ದರೂ ಹೆಚ್ಚು ಸ್ಥಾನ ಡೆಮಾಕ್ರಟರಿಗೆ ಹೋಗಿದ್ದು ಹೀಗೆ.

ಅದೇ ವರ್ಷ ರಾಜ್ಯದ ಕೆಳಮನೆಯೂ ರಿಪಬ್ಲಿಕನ್ನರ ಕೈಗೆ ಬಂತು. ವಾಷಿಂಗ್ಟನ್‌ನ ಪ್ರತಿನಿಧಿ ಸಭೆಯಲ್ಲಿ ಬಹುಮತ ಹೊಂದಿದ್ದ ರಿಪಬ್ಲಿಕನ್ನರ ನಾಯಕ, ಟೆಕ್ಸಸ್‌ನವರೇ ಆದ ಟಾಮ್ ಡಿಲೇ ಹಟ ಹಿಡಿದರು: ಮುಂದಿನ ಜನಗಣತಿಗೆ ಕಾಯುವುದು ಬೇಡ, ಈಗಲೇ ಗಡಿ ಬದಲಿಸಿ.

ಮುಂದೆ ನಡೆದಿದ್ದು ರೆಸಾರ್ಟ್ ರಾಜಕೀಯ ಕಂಡ ನಮಗೆ ಚೆನ್ನಾಗಿ ಅರ್ಥವಾಗುತ್ತದೆ. 150 ಸದಸ್ಯರ ಸದನ ನಡೆಯಲು 100 ಜನ ಹಾಜರಿರಬೇಕು. 2003ರ ಮೇ ತಿಂಗಳಲ್ಲಿ 50ಕ್ಕೂ ಹೆಚ್ಚು ಡೆಮಾಕ್ರಟರು ಗಡಿ ದಾಟಿ ಒಕ್ಲಹೋಮಾದ ಆರ್ಡ್‌ಮೋರ್ ಊರಿನ ಹೋಟೆಲಲ್ಲಿ ಕೂತರು. ಟೆಕ್ಸಸ್ ಪೊಲೀಸರಿಗೆ ಅಲ್ಲಿ ಅಧಿಕಾರವಿಲ್ಲ. ಅವರಲ್ಲಿ ಕೆಲವರನ್ನು ಕರೆದೊಯ್ದ ವಿಮಾನ ಹುಡುಕಲು ಡಿಲೇ ಫೆಡರಲ್ ವಿಮಾನಯಾನ ಇಲಾಖೆಯ ನೆರವು ಕೇಳಿದರು. ಅದಕ್ಕಾಗಿ ಸಂಸತ್ತಿನ ನೀತಿ ಸಮಿತಿ ಮರುವರ್ಷ ಅವರಿಗೆ ಛೀಮಾರಿ ಹಾಕಿತು. ಬೇಸಿಗೆಯಲ್ಲಿ ರಾಜ್ಯ ಸೆನೆಟ್‌ನ 11 ಡೆಮಾಕ್ರಟರು ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಗೆ ಹೋಗಿ ತಿಂಗಳಿಗೂ ಹೆಚ್ಚು ಕಾಲ ಉಳಿದರು. ಕೊನೆಗೆ ಅವರಲ್ಲೊಬ್ಬರಾದ ಹ್ಯೂಸ್ಟನ್‌ನ ಜಾನ್ ವಿಟ್‌ಮೈರ್ ವಾಪಸ್ ಬಂದರು. ಒಗ್ಗಟ್ಟು ಅಲ್ಲಿಗೆ ಮುರಿಯಿತು. ಅಕ್ಟೋಬರ್‌ನಲ್ಲಿ ಹೊಸ ನಕ್ಷೆ ಪಾಸಾಯಿತು.

ಆ ನಕ್ಷೆ ಹೇಗಿತ್ತು ನೋಡಿ. ಡೆಮಾಕ್ರಟರೇ ಹೆಚ್ಚಿರುವ ಆಸ್ಟಿನ್ ನಗರವನ್ನು ಮೂರು ಕ್ಷೇತ್ರಗಳಿಗೆ ಹಂಚಿದರು. ಅದರಲ್ಲೊಂದು ಅಲ್ಲಿಂದ ಹೊರಟು, ಉದ್ದನೆಯ ಪಟ್ಟಿಯಾಗಿ ಸುಮಾರು 300 ಮೈಲಿ ಇಳಿದು ಮೆಕ್ಸಿಕೋ ಗಡಿ ಮುಟ್ಟುತ್ತಿತ್ತು. ಆಸ್ಟಿನ್‌ನ ಕಚೇರಿ ನೌಕರರನ್ನೂ ಗಡಿಯ ತೋಟದ ಕೂಲಿಗಳನ್ನೂ ಒಬ್ಬನೇ ಪ್ರತಿನಿಧಿಸುವುದು ಹೇಗೆ? ಆದರೂ ಆಸ್ಟಿನ್‌ನ ಡೆಮಾಕ್ರಟ್ ಸಂಸದ ಲಾಯ್ಡ್ ಡಾಗೆಟ್ ಅಲ್ಲಿ ನಿಂತು ಗೆದ್ದರು. ಹಳ್ಳಿಯ ರೈತರ ನಂಬಿಕೆಯಿಂದ 26 ವರ್ಷ ಸಂಸತ್ತಿನಲ್ಲಿದ್ದ ಇನ್ನೊಬ್ಬ ಡೆಮಾಕ್ರಟ್ ಚಾರ್ಲ್ಸ್ ಸ್ಟೆನ್‌ಹೋಮ್‌ಗೆ ಆ ಅದೃಷ್ಟ ಇರಲಿಲ್ಲ. ಹೊಸ ಕ್ಷೇತ್ರದಲ್ಲಿ ಹಾಲಿ ರಿಪಬ್ಲಿಕನ್ ಸದಸ್ಯರೆದುರು ಅವರು ಸೋತರು.

2006ರಲ್ಲಿ ಸುಪ್ರೀಂ ಕೋರ್ಟ್ ಒಂದು ಕ್ಷೇತ್ರವನ್ನು ಮಾತ್ರ ತಪ್ಪೆಂದಿತು. ಲರೇಡೋ ಸುತ್ತಲಿನ ಲ್ಯಾಟಿನೋ ಮತದಾರರನ್ನು ಒಡೆದು ಅವರ ಬಲ ಕುಗ್ಗಿಸಿದ್ದು ಮತದಾನ ಹಕ್ಕು ಕಾಯ್ದೆಗೆ ವಿರುದ್ಧ ಅಂತ ಹೇಳಿತು. ಗಡಿ ಸರಿಪಡಿಸಿದ ಮೇಲೆ ಅಲ್ಲಿನ ರಿಪಬ್ಲಿಕನ್ ಸದಸ್ಯ ಹೆನ್ರಿ ಬೊನಿಲ್ಲಾ ಸೋತರು. ಆದರೆ ದಶಕದ ನಡುವೆ ನಕ್ಷೆ ಬದಲಿಸುವುದಕ್ಕೆ ಕೋರ್ಟ್ ತಡೆ ಹಾಕಲಿಲ್ಲ. ನನ್ನ ಪ್ರಕಾರ ದೊಡ್ಡ ನಷ್ಟ ಇದೇ. 10 ವರ್ಷ ಕಾಯುವುದು ಬರೀ ರೂಢಿ, ಕಾನೂನಲ್ಲ ಅಂತ ಎಲ್ಲರಿಗೂ ಗೊತ್ತಾಗಿಬಿಟ್ಟಿತು.

2025ರ ಆಗಸ್ಟ್‌ನಲ್ಲಿ ಟೆಕ್ಸಸ್ ಮತ್ತೆ ಅದೇ ದಾರಿ ಹಿಡಿಯಿತು. ಇನ್ನೂ 5 ಸ್ಥಾನ ಗಳಿಸುವುದು ರಿಪಬ್ಲಿಕನ್ನರ ಗುರಿ. ಡೆಮಾಕ್ರಟ್ ಶಾಸಕರು ಈ ಸಲ ಇಲಿನಾಯ್‌ಗೆ ಹೋದರು, ಎರಡು ವಾರದಲ್ಲಿ ಮರಳಿದರು. ನಕ್ಷೆ ಪಾಸಾಯಿತು. ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಡೆಮಾಕ್ರಟರಿಗೆ ಅನುಕೂಲವಾಗುವ ನಕ್ಷೆಗೆ ಒಪ್ಪಿಗೆ ಕೊಟ್ಟು ತಿರುಗೇಟು ನೀಡಿದರು. ಅಷ್ಟರೊಳಗೆ ಮಿಸೌರಿ ಮತ್ತು ಉತ್ತರ ಕ್ಯಾರೊಲಿನಾದ ರಿಪಬ್ಲಿಕನ್ನರೂ ತಮ್ಮ ನಕ್ಷೆ ತಿದ್ದಿಯಾಗಿತ್ತು.